ಅರ್ಥ ಕೇಳದೆ ಕಲಿಸಿದ ಹಾಡು

ಗೆಳೆಯರೇ, ಇವತ್ತು ಕೆಂಗೇರಿಯ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸಂತಾಲಿ ಬುಡಕಟ್ಟಿನವರ ಒಂದು ಜನಪದ ಹಾಡು ಕಲಿಸುತ್ತಿದ್ದೆ. ಮೊಬೈಲಿನಲ್ಲಿ ಕೇಳಿ ಕಲಿತದ್ದು, ಅರ್ಥ ವಿಚಾರಿಸಿರಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆಯುತ್ತ, ನಗುತ್ತ ಹಾಡುತ್ತಿದ್ದರು. ಜಾರ್ಖಂಡಿನಿಂದ ಬಂದ ಫುಲ್ಮಣಿ ಮಾತ್ರ ಬಾಯಿ ಬಿಡಲಿಲ್ಲ.

"ಯಾಕಮ್ಮಾ, ನಿಮ್ಮದೇ ಭಾಷೆ ಅಲ್ವಾ?" ಎಂದೆ.

"ಮಿಸ್, ಇದು ಯಾರಾದ್ರೂ ಸತ್ತಾಗ ಹಾಡೋದು. ಅಪ್ಪ ಹೋದಾಗ ಅಮ್ಮ ಹಾಡಿದ್ರು."

ಚಪ್ಪಾಳೆ ನಿಂತಿತು. "ತಪ್ಪಾಯ್ತು ಕಣಮ್ಮಾ. ನೀನೇ ಹೇಳ್ಕೊಡ್ತೀಯಾ?" ಎಂದೆ. ಅವಳು ಎದ್ದು ನಿಂತು ನಿಧಾನವಾಗಿ ಹಾಡಿದಳು. ಉಳಿದವರು ತಗ್ಗಿದ ದನಿಯಲ್ಲಿ ಜೊತೆಗೂಡಿದರು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಬಾಗಿಲಲ್ಲಿ ಇಣುಕಿದರು. "ಏನ್ ಮೇಡಂ, ಮಕ್ಳು ಇವತ್ತು ಇಷ್ಟು ಡಲ್ಲು?"

"ಈಗ ಸರಿಯಾಗಿ ಹಾಡ್ತಾ ಇದಾರೆ ಸಾರ್," ಎಂದೆ.