ಅತ್ತಿಗೆ ಬರೆಯದ ಇಂಗ್ಲಿಷ್ ಪರೀಕ್ಷೆ

ಹತ್ತನೇ ಕ್ಲಾಸಿನಲ್ಲಿ ನಾನು ಇಂಗ್ಲಿಷ್ ಒಂದರಲ್ಲೇ ಫೇಲಾದೆ. ಹಿಂದಿನ ವರ್ಷವಷ್ಟೇ ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಿದ್ದ ಅತ್ತಿಗೆಯೂ ಅದೇ ಇಂಗ್ಲಿಷ್‌ನಲ್ಲಿ ಫೇಲಾಗಿ ಓದು ಬಿಟ್ಟವಳು. ತೊಂಬತ್ತರ ದಶಕದ ಕೊನೆಯ ಮಾತು. ಊರಿಗೆ ಅಂಗನವಾಡಿ ಬರುತ್ತದೆ, ಹತ್ತನೇ ಕ್ಲಾಸ್ ಪಾಸಾಗಿದ್ದರೆ ಟೀಚರ್ ಕೆಲಸ ಸಿಗುತ್ತದೆ ಎಂಬ ಸುದ್ದಿಯಿತ್ತು. ಅತ್ತಿಗೆ ಹೇಗೋ ಅಣ್ಣನನ್ನು ಒಪ್ಪಿಸಿದಳು.

'ಇಬ್ರೂ ಎಣ್ಮಕ್ಳು ಜೊತೇಲೇ ಓಗ್ಬನ್ನಿ. ಮನೆ ಕೆಲ್ಸ ನಿಲ್ಬಾರ್ದು ಅಷ್ಟೆ' ಎಂದ ಅಣ್ಣ.

ಪಿರಿಯಾಪಟ್ಟಣದ ಟ್ಯುಟೋರಿಯಲ್‌ನಲ್ಲಿ ತಾಳಿ ಕಟ್ಟಿಕೊಂಡು ಕೂತವಳು ಅವಳೊಬ್ಬಳೇ. ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಕ್ಯಾನ್, ಮೇ, ಶುಡ್, ಮಸ್ಟ್ ಎಂದು ಬರೆದು, ಇವು ಪರೀಕ್ಷೆಗೆ ಬಂದೇ ಬರುತ್ತವೆ ಎಂದರು. ಕೈಲಾಗುವುದಕ್ಕೆ ಕ್ಯಾನ್, ಅಪ್ಪಣೆಗೆ ಮೇ, ಬುದ್ಧಿಮಾತಿಗೆ ಶುಡ್, ಮಾಡಲೇಬೇಕಾದ್ದಕ್ಕೆ ಮಸ್ಟ್. ನನಗೆ ಕ್ಯಾನ್ ಮತ್ತು ಮೇ ಕಲಸಿಹೋದವು. ಕನ್ನಡದಲ್ಲಿ ಎರಡಕ್ಕೂ 'ಬಹುದು' ಅಂದರೆ ಮುಗಿಯಿತಲ್ಲ. ಅತ್ತಿಗೆ ಎದ್ದು ನಿಂತಳು.

'ಸಾ, ನಂಗೆ ಓಗಕ್ಕಾಯ್ತದೆ, ಆದ್ರೆ ಮನೇಲಿ ಬುಡಲ್ಲ. ಆಗ ಯಾವ್ದು?'

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. 'ಯು ಕ್ಯಾನ್ ಗೋ, ಬಟ್ ಯು ಮೇ ನಾಟ್. ಸರಿಯಾಗಿ ಕೇಳಿದೆ ಕಣಮ್ಮ, ಕೂತ್ಕೊ' ಎಂದರು. ಬಸ್ಸಿನಲ್ಲಿ ಊರು ಬರುವವರೆಗೂ ಅವಳು ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಪರೀಕ್ಷೆ ಹತ್ತಿರವಾದಾಗಲೇ ಹೊಗೆಸೊಪ್ಪು ಬೇಯಿಸುವ ಕಾಲವೂ ಬಂತು. ನಮ್ಮ ಬ್ಯಾರನ್ ಎಂದರೆ ಎತ್ತರದ ಮಣ್ಣುಗೋಡೆಯ ಕೋಣೆ. ಹೊರಗಿನ ಒಲೆಯ ಬಿಸಿ ತಗಡಿನ ಕೊಳವೆಗಳಲ್ಲಿ ಒಳಗೆ ಹರಿದು, ಮೇಲೆ ಕಡ್ಡಿಗಳಿಗೆ ಕಟ್ಟಿ ತೂಗುಹಾಕಿದ ಸೊಪ್ಪನ್ನು ಒಣಗಿಸುತ್ತಿತ್ತು. ಹಗಲು ಒಲೆಗೆ ಸೌದೆ ಹಾಕುವ ಕೆಲಸ ಅತ್ತಿಗೆಯದು. ಅವಳು ಪುಸ್ತಕವನ್ನೂ ಅಲ್ಲಿಗೇ ಒಯ್ಯುತ್ತಿದ್ದಳು.

ಪರೀಕ್ಷೆಗೆ ಎರಡು ದಿನವಿರುವಾಗ, ಮಧ್ಯಾಹ್ನ, ಒಳಗೆ ಒಂದು ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿತ್ತು. ಒಣಗಿದ ಸೊಪ್ಪು ಭಗ್ಗೆಂದಿತು. ನಾನು ಕೊಡ ಹಿಡಿದು ಓಡುವಷ್ಟರಲ್ಲಿ ಹೆಂಚು ಸಿಡಿಯುತ್ತಿದ್ದವು. ಅತ್ತಿಗೆ ಬಾಗಿಲ ಬಳಿ ನಿಂತು ಬರಿಗೈಯಲ್ಲಿ ಕಡ್ಡಿಗಳನ್ನು ಹೊರಗೆಳೆಯುತ್ತಿದ್ದಳು. ಅವಳ ಅಂಗೈ ಸುಟ್ಟಿತು. ಬ್ಯಾರನ್ ಉಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಅವ್ವ ಸೌದೆಯ ಪಕ್ಕ ಬಿದ್ದಿದ್ದ ಪುಸ್ತಕ ಎತ್ತಿಕೊಂಡಳು.

'ಇದ್ಕೆ ಒಂದ್ ಕಿಡಿನೂ ತಾಕಿಲ್ಲ ನೋಡು' ಎಂದಳು.

'ಕಡ್ಡಿ ಜಾರಿದ್ದು ಕಣವ್ವ, ಅತ್ತಿಗೆ ಏನ್ಮಾಡ್ತಾರೆ?' ಎಂದೆ. ಅಕ್ಕಪಕ್ಕದ ಬ್ಯಾರನ್‌ಗಳಿಗೂ ಹೀಗೆ ಬೆಂಕಿ ಬಿದ್ದದ್ದಿತ್ತು, ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಣ್ಣ ಬೂದಿಯ ಕಡೆ ನೋಡುತ್ತ ನಿಂತಿದ್ದ. ಅವನು ಪರೀಕ್ಷೆಗೆ ಹೋಗಬೇಡ ಎಂದು ಹೇಳಲೇ ಇಲ್ಲ. ಅತ್ತಿಗೆಯೂ ಹೋಗಲೇ ಎಂದು ಕೇಳಲಿಲ್ಲ.

ನಾನು ಅಣ್ಣನ ಹತ್ತಿರ ಮಾತಾಡುತ್ತೇನೆಂದರೆ ಅವಳೇ ತಡೆದಳು. 'ಬ್ಯಾಡ ಕಣವ್ವ. ನಿನ್ನೂ ನಿಲ್ಸ್‌ಬುಟ್ಟಾರು. ನೀನಾದ್ರೂ ಓಗು.'

ಹುಣಸೂರಿನ ಪರೀಕ್ಷೆ ಕೇಂದ್ರದಲ್ಲಿ ನನ್ನ ಹಿಂದಿನ ಬೆಂಚು ಖಾಲಿಯಿತ್ತು. ಸಂಜೆ ಮನೆಗೆ ಬಂದಾಗ ಅತ್ತಿಗೆ ಬಟ್ಟೆ ಸುತ್ತಿದ ಕೈಯಲ್ಲೇ ಪಾತ್ರೆ ಜೋಡಿಸುತ್ತಿದ್ದಳು. ಏನು ಕೇಳಿದ್ದರು ಎಂದಳು. ಡಾಕ್ಟರು ರೋಗಿಗೆ ಹೇಳುವ ವಾಕ್ಯದಲ್ಲಿ ಖಾಲಿ ಜಾಗ ತುಂಬಬೇಕಿತ್ತು, ಹೇಳಿದೆ.

'ಶುಡ್ ಅಲ್ವಾ?'

'ಊಂ.'

ಅವಳು ಇನ್ನೊಂದು ಪಾತ್ರೆ ಎತ್ತಿಟ್ಟಳು.

ನಾನು ಹೇಗೋ ಪಾಸಾದೆ. ಮುಂದಿನ ಸಲದ ಪರೀಕ್ಷೆಗೆ ಅತ್ತಿಗೆ ತುಂಬಿದ ಬಸುರಿ. ಅದರಾಚೆಗೆ ಹೊಸ ಬ್ಯಾರನ್ ಕಟ್ಟುವ ಕೆಲಸ, ಮಗು, ಅವ್ವನ ಮಂಡಿನೋವು. ಅಂಗನವಾಡಿ ಬಂತು, ಟೀಚರಾಗಿ ಪಕ್ಕದ ಹಳ್ಳಿಯ ಹುಡುಗಿ ಬಂದಳು. ನಾನು ಮದುವೆಯಾಗಿ ಮಿರ್ಲೆ ಕಡೆಗೆ ಹೋದೆ. ಒಮ್ಮೆ ತವರಿಗೆ ಬಂದಾಗ, ಈಗಲಾದರೂ ಪರೀಕ್ಷೆ ಕಟ್ಟಿ ಎಂದು ಅತ್ತಿಗೆಗೆ ಹೇಳಿದೆ.

'ಬುಡವ್ವ, ಅದೆಲ್ಲಾ ಮರ್ತೋಯ್ತು' ಎಂದಳು. ನಗುತ್ತಾಳೇನೋ ಎಂದು ನೋಡಿದೆ. ನಗಲಿಲ್ಲ. ಮಗಳಿಗೆ ತಲೆ ಬಾಚಿ, ಕೈಹಿಡಿದು ಅಂಗನವಾಡಿಗೆ ಕರೆದೊಯ್ದಳು. ಮಗು ಒಳಗೆ ಹೋಯಿತು. ಅವಳು ಹೊಸಲಿನ ಈಚೆಯಿಂದಲೇ ತಿರುಗಿ, ಹೊಗೆಸೊಪ್ಪು ಮುರಿಯಲು ಹೊಲಕ್ಕೆ ನಡೆದಳು.