ಹೊಸ ಕನ್ಸೋಲ್ ಬರುವ ತನಕ

ಟಿವಿಗೆ ಜೋಡಿಸಿ ಆಡುವ ಹೊಸ ಗೇಮ್ ಕನ್ಸೋಲ್ ಬರುವ ತನಕ, ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬಾರದು ಎಂದು ನಾನು ಸುಮಾರು ಜನರಿಗೆ ಹೇಳಿದ್ದೇನೆ. ಆಟ ತಯಾರಿಸುವವರು ಕನ್ಸೋಲಿನ ಶಕ್ತಿಯನ್ನು ನೋಡಿಕೊಂಡೇ ಆಟ ಕಟ್ಟುತ್ತಾರೆ. ಹೊಸದು ಬಂದಾಗ ಆ ಮಟ್ಟ ಮೇಲೇರುತ್ತದೆ, ಅದಕ್ಕೆ ಸ್ವಲ್ಪ ಮುಂಚೆ ಕಾರ್ಡ್ ಕೊಂಡವನು ಬೇಗನೆ ಪರದಾಡುತ್ತಾನೆ. ಸಾಕ್ಷಿಗೆ ನನ್ನದೇ ಕಥೆ: ಕಳೆದ ಸಲ ಕನ್ಸೋಲ್ ಬಂದಾಗ ನಾನು ಜಾಣತನದಿಂದ ಕಾದೆ, ಆಮೇಲೆ ಕೊಂಡೆ, ಆ ಕಾರ್ಡನ್ನು ವರ್ಷಗಟ್ಟಲೆ ಓಡಿಸಿದೆ.

ಈ ಜನವರಿಯಲ್ಲಿ ಹೆಂಡತಿಗೆ ಗಾಲ್ವೇಯ ಆಸ್ಪತ್ರೆಯೊಂದರಲ್ಲಿ ಆರು ತಿಂಗಳ ಹುದ್ದೆ ಬಂತು. ತರಬೇತಿಯಲ್ಲಿರುವ ವೈದ್ಯರನ್ನು ಇಲ್ಲಿ ಹೀಗೆ ಊರಿಂದೂರಿಗೆ ಕಳಿಸುತ್ತಿರುತ್ತಾರೆ. ನನ್ನ ಕೆಲಸ ಅಲ್ಲಿಂದ ಗಂಟೆಗಟ್ಟಲೆ ದೂರದಲ್ಲಿ, ಕಾರ್ಕ್ ಪಕ್ಕದ ಲಿಟಲ್ ಐಲ್ಯಾಂಡಿನ ಔಷಧ ಕಾರ್ಖಾನೆಯಲ್ಲಿ. ಅವಳಿಗೆ ಕಷ್ಟಪಟ್ಟು ಸಿಕ್ಕ ಬಾಡಿಗೆ ಕೋಣೆಯಲ್ಲಿ ಅತಿಥಿಗಳು ತಂಗಬಾರದೆಂಬ ಷರತ್ತು. ಮನೆಯ ಕನ್ಸೋಲನ್ನು ಅವಳು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿಕೊಂಡು ಹೋದಳು. ಕಂಪ್ಯೂಟರ್ ನನ್ನ ಪಾಲಿಗೆ ಉಳಿಯಿತು. ಭಾನುವಾರ ಸಂಜೆ ಇಬ್ಬರೂ ಅವರವರ ಊರಿನಿಂದ ಒಂದೇ ಆಟಕ್ಕೆ ಇಳಿಯುವುದೆಂದು ಮಾತಾಯಿತು. ಅವಳ ಡ್ಯೂಟಿಗಳ ನಡುವೆ ಇದೇ ನಮ್ಮದು ಎಂದು ಹೇಳಿಕೊಳ್ಳಬಹುದಾದ ಹೊತ್ತು ಅದೊಂದೇ.

ಅವಳು ಆರಿಸಿದ್ದು ಇಬ್ಬರು ಸೇರಿ ದೋಣಿ ನಡೆಸುವ ಹೊಸ ಆಟ. ಅವಳು ಹುಟ್ಟು ಹಾಕಬೇಕು, ನಾನು ತಿರುಗಿಸಬೇಕು. ಅವಳ ಟಿವಿಯಲ್ಲಿ ನದಿ ಹರಿಯುತ್ತಿತ್ತು. ನನ್ನ ಪರದೆಯಲ್ಲಿ ಪ್ರತಿ ತಿರುವಿಗೂ ಚಿತ್ರ ಗಕ್ಕನೆ ನಿಂತು, ಮತ್ತೆ ಹೊರಡುವಷ್ಟರಲ್ಲಿ ದೋಣಿ ಬಂಡೆಗೆ ಬಡಿದಿರುತ್ತಿತ್ತು.

“ಲೋ, ತಿರುಗಿಸೋ! ಮತ್ತೆ ಮುಳುಗಿಸ್ದೆ.”

“ತಿರುಗಿಸ್ದೆ ಕಣೇ, ಕಾರ್ಡ್ ಕೇಳ್ತಿಲ್ಲ.”

“ಹಾಗಾದ್ರೆ ಕಾರ್ಡ್ ಬದಲಾಯ್ಸು.”

“ಈಗ ಬೇಡ. ಹೊಸ ಕನ್ಸೋಲ್ ಬರುತ್ತೆ ಅಂತಿದ್ದಾರೆ. ಅದು ಬರ್ಲಿ, ಆಟಗಳು ಏನು ಕೇಳ್ತವೆ ನೋಡ್ಕೊಂಡು ತಗೊಂಡ್ರಾಯ್ತು.”

“ಯಾವಾಗ ಬರುತ್ತೆ?”

“ಮುಂದಿನ ವರ್ಷ ಇರ್ಬೋದು. ಅದರಾಚೆ ವರ್ಷ ಆದ್ರೂ ಆಗ್ಬೋದು.”

ಹೆಡ್‌ಫೋನಿನಲ್ಲಿ ಅವಳು ನಕ್ಕಳು. “ನಾನು ಜುಲೈಗೆ ವಾಪಸ್ ಬರ್ತೀನಿ, ಗೊತ್ತಲ್ಲ? ಆಮೇಲೆ ಒಂದೇ ಸೋಫಾ, ಒಂದೇ ಟಿವಿ. ಆಗ ನಿನ್ನ ಕಾರ್ಡ್ ಯಾರಿಗೆ ಬೇಕು?”

ಮೂರನೇ ಭಾನುವಾರ ಅವಳು, “ಸುಸ್ತು ಕಣೋ, ಇವತ್ತು ಬೇಡ” ಎಂದಳು. ನಾಲ್ಕನೆಯದಕ್ಕೂ ಹಾಗೇ. ಸುಸ್ತು ನಿಜವೇ ಇದ್ದೀತು. ಆದರೆ ವಾರವಿಡೀ ದುಡಿದು, ಮುಳುಗುವುದಕ್ಕೆಂದೇ ಯಾರು ಬರುತ್ತಾರೆ?

ನನ್ನ ವಾದ ಸರಿ ಎಂದು ತೋರಿಸಲು, ಕಳೆದ ಸಲ ಕಾದ ಬಗ್ಗೆ ಬರೆದ ಪುಟದ ಫೋಟೋ ತೆಗೆದು ಕಳಿಸೋಣವೆಂದು ಹಳೆಯ ಡೈರಿ ಹುಡುಕಿದೆ. ಆ ಪುಟ ಸಿಕ್ಕಿತು. “ಇವತ್ತೂ ಕಾರ್ಡ್ ಇಲ್ಲ. ಬಂದದ್ದು ನಿಮಿಷಗಳಲ್ಲಿ ಖಾಲಿ. ಸಿಕ್ಕಿದ್ದರೆ ಈಗಲೇ ಕೊಳ್ಳುತ್ತಿದ್ದೆ.” ಆ ವರ್ಷ ಕನ್ಸೋಲೂ ಸಿಗುತ್ತಿರಲಿಲ್ಲ, ಕಾರ್ಡೂ ಸಿಗುತ್ತಿರಲಿಲ್ಲ. ನಾನು ಕಾದಿರಲೇ ಇಲ್ಲ, ನನಗೆ ಸಿಕ್ಕಿರಲಿಲ್ಲ ಅಷ್ಟೆ. ಅದು ಯಾವಾಗ ಜಾಣತನವಾಯಿತೋ ತಿಳಿಯದು. ಬಹುಶಃ ಮೊದಲ ಸಲ ಯಾರಿಗೋ ಹೇಳಿದಾಗಲೇ. ವಾದ ಪೂರ್ತಿ ಸುಳ್ಳೂ ಅಲ್ಲ. ಆದರೆ ಹೊಸ ಕನ್ಸೋಲ್ ಬಂದ ಮೇಲೂ ಬಹಳ ದಿನ ಆಟಗಳನ್ನು ಹಳೆಯದಕ್ಕೂ ಹೊಂದುವಂತೆ ಮಾಡುತ್ತಿದ್ದರು ಎಂಬುದನ್ನು ನಾನು ಯಾರಿಗೂ ಹೇಳಿದ ನೆನಪಿಲ್ಲ.

ಕಾರ್ಖಾನೆಯಲ್ಲಿ ದಿನವಿಡೀ ತಯಾರಿಕೆಯ ದಾಖಲೆ ತಪಾಸಣೆ ಮಾಡುವವನು ನಾನು. ಆಮೇಲೆ ನೆನಪಿನಿಂದ ತುಂಬಿದ ಅಂಕಿ ಅಲ್ಲಿ ನಡೆಯುವುದಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಇನಿಶಿಯಲ್ಸ್ ಮತ್ತು ತಾರೀಖು ಹಾಕಬೇಕು.

ಈ ವರ್ಷದ ಡೈರಿ ತೆರೆದೆ. ಜನವರಿಯಲ್ಲಿ ಬರೆದಿದ್ದೆ: “ಕಾರ್ಡ್, ಹೊಸ ಕನ್ಸೋಲ್ ಬಂದ ಮೇಲೆ.” ಅದರ ಮೇಲೆ ಒಂದು ಗೆರೆ ಹೊಡೆದೆ. ಪಕ್ಕದಲ್ಲಿ “ಈ ವಾರ” ಎಂದು ಬರೆದು, ಫೋಟೋ ತೆಗೆದು ಅವಳಿಗೆ ಕಳಿಸಿದೆ.

ವಾರ್ಡಿನಿಂದಲೇ ಉತ್ತರ ಬಂತು: “ಡೇಟ್ ಎಲ್ಲಿ? ಇನಿಶಿಯಲ್ಸ್ ಎಲ್ಲಿ? ರಿಜೆಕ್ಟೆಡ್.”

ಎರಡನ್ನೂ ಹಾಕಿ ಮತ್ತೆ ಕಳಿಸಿದೆ. “ಗ್ರ್ಯಾಂಡ್” ಎಂದಳು, ಇಲ್ಲಿಯವರು ‘ಸರಿ’ ಎನ್ನುವ ಹಾಗೆ.

ಐದನೇ ಭಾನುವಾರ ಹೊಸ ಕಾರ್ಡಿನಲ್ಲಿ ನನ್ನ ನದಿಯೂ ಹರಿಯಿತು. ಮೊದಲ ತಿರುವಿಗೇ ದೋಣಿ ಬಂಡೆಗೆ ಬಡಿಯಿತು.

“ಈಗ ಯಾರ ಮೇಲೆ ಹಾಕ್ತೀಯಪ್ಪಾ?” ಎಂದು ಕೇಳಿದಳು.

ಅದಾದ ಮೇಲೆ ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ, ಡ್ಯೂಟಿ ಇದ್ದ ದಿನ ಬಿಟ್ಟರೆ. ಜುಲೈನಲ್ಲಿ ಕನ್ಸೋಲ್ ಅದೇ ಸ್ವೆಟರಿನಲ್ಲಿ ಮನೆಗೆ ಮರಳಿತು. ಕಾರ್ಡಿಗೆ ಈಗ ಹೆಚ್ಚು ಕೆಲಸವಿಲ್ಲ. ಹೊಸ ಕನ್ಸೋಲ್ ಬಂದಾಗ ಹಳತಾಗಲಿ ಬಿಡಿ. ಆ ಐದನೇ ಭಾನುವಾರ ನಾವು ಏಳು ಸಲ ಮುಳುಗಿದೆವು. ಅಂದೇ ಬರೆದಿಟ್ಟಿದ್ದೇನೆ. ಅವಳು ಒಂಬತ್ತು ಎನ್ನುತ್ತಾಳೆ.