ನಾದಿನಿಯ ಜತೆ ಕಟ್ಟಿದ ಅರ್ಥಗಳು

ಅವತ್ತು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಹೊರಗೆ ಆಟೋ ನಿಂತ ಸದ್ದಾಯಿತು. ನಾದಿನಿ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬಂದು ಬಾಗಿಲಲ್ಲೇ ನಿಂತಳು.

ನನ್ನ ಗಂಡನ ತಂಗಿ ಅವಳು. ಮದುವೆಯಾಗಲಿಲ್ಲ, ಕುವೆಂಪುನಗರದ ನಮ್ಮ ಮನೆಯಲ್ಲೇ ಇದ್ದು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದಳು. ನಾನು ಅಡುಗೆ ಮಾಡುವಾಗ ಡಿಕ್ಷನರಿಯಿಂದ ಯಾರೂ ಬಳಸದ ಪದವೊಂದನ್ನು ಹೆಕ್ಕಿ ಕೂಗುವಳು. ಕನ್ನಡ ಮೀಡಿಯಂನಲ್ಲಿ ಓದಿದ ನಾನು ಬಾಯಿಗೆ ಬಂದ ಅರ್ಥ ಹೇಳಬೇಕು. 'ಸ್ನಾಲಿಗಾಸ್ಟರ್' ಅಂದರೆ ಸಿಲಿಂಡರ್ ಖಾಲಿಯಾದ ದಿನವೇ ಊಟಕ್ಕೆ ಬರುವ ನೆಂಟ. 'ಲಾಲಿಗ್ಯಾಗ್' ಅಂದರೆ ಎಷ್ಟು ಲಾಲಿ ಹಾಡಿದರೂ ಮಲಗದ ಕೂಸು. ನಿಜವಾದ ಅರ್ಥ ಅವಳು ಹೇಳುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಸೊಪ್ಪು ಬಿಡಿಸುತ್ತ ಕೂತ ಅತ್ತೆ, "ಇಬ್ಬರ್ಗೂ ತಲೆ ಕೆಟ್ಟದೆ" ಎಂದು ನಗುವರು.

ಅವತ್ತೂ ನಾದಿನಿ ರಿಪೋರ್ಟಿನ ಒಂದು ಸಾಲಿನ ಮೇಲೆ ಬೆರಳಿಟ್ಟು, "ಮೆಟಾಸ್ಟಾಸಿಸ್. ಅರ್ಥ ಹೇಳಿ ಅತ್ತಿಗೆ" ಎಂದಳು.

ನಾನು ಕೈಯಲ್ಲಿದ್ದ ದೀಪ ಕೆಳಗಿಟ್ಟೆ. "ನೀನೇ ಹೇಳು ಕಣೇ."

"ಕ್ಯಾನ್ಸರ್ ಅಂತೆ. ಹೊಟ್ಟೆಯಿಂದ ಲಿವರ್‌ಗೂ ಹರಡ್ಬುಟ್ಟಿದೆ. ಆಪರೇಷನ್ ಮಾಡಿ ಉಪಯೋಗ ಇಲ್ಲ ಅಂದ್ರು. ಅಮ್ಮನಿಗೆ ಮಾತ್ರ ಹೇಳ್ಬೇಡಿ."

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದೇಬಿಟ್ಟರು. "ಏನಂದ್ರು ಡಾಕ್ಟ್ರು? ಅದೇನೋ ಇಂಗ್ಲಿಷ್‌ನಲ್ಲಿ ಅಂದ್ಯಲ್ಲ?"

ನಾದಿನಿ ನನ್ನ ಮುಖ ನೋಡಿದಳು.

"ಅದಾ ಅತ್ತೆ? ಹೋಟ್ಲು ದೋಸೆ ಮೇಲೆ ಹೋಟ್ಲು ದೋಸೆ ತಿಂದೋರಿಗೆ ಬರೋ ಹೊಟ್ಟೆ ಉಬ್ಬರ" ಅಂದೆ.

ನಾದಿನಿ ಜೋರಾಗಿ ನಕ್ಕಳು. ಅತ್ತೆ ನಗಲಿಲ್ಲ.

"ಆಟದ ಅರ್ಥ ಬ್ಯಾಡ ಕಣಮ್ಮ. ಹೆತ್ತೋಳು ಕೇಳ್ತಾ ಇದೀನಿ. ನಿಜದ್ದು ಹೇಳು."

ಹೇಳಿದೆ. ನಾದಿನಿಯ ಬಾಯಿಂದಲೇ ಅದು ಇನ್ನೊಂದು ಸಲ ಬರುವುದು ತಪ್ಪಿತಲ್ಲ, ಅಷ್ಟಾದರೂ ದೇವರು ದಯೆ ತೋರಿದ. ಅವತ್ತು ಅವಳು ಆಟೋ ಇಳಿದು ತನ್ನ ಕಾಲಲ್ಲೇ ನಡೆದು ಮನೆಯೊಳಗೆ ಬಂದಿದ್ದಳು, ಅದೂ ಅವನ ದಯೆಯೇ. ಅತ್ತೆ ಕೂಗಾಡಲಿಲ್ಲ. ಮಗಳ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

"ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ?"

"ಏನೂ ಸೇರಲ್ಲ ಅಮ್ಮ."

"ಗಂಜಿ ಆದ್ರೆ?"

"ಒಂಚೂರು."

ನಾನು ಕೈ ತೊಳೆದುಕೊಂಡು, ಹಿಡಿ ಅಕ್ಕಿ ತೊಳೆದು, ನೀರು ಹೆಚ್ಚಿಗೆ ಹಾಕಿ ಒಲೆಯ ಮೇಲಿಟ್ಟೆ.